ಮೊದಲ ಪಂದ್ಯಗಳನ್ನು ಎಷ್ಟು ನಂಬಬೇಕು?

2024ರ ಸೆಪ್ಟೆಂಬರ್ 28ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ, ಮೋಹನ್ ಬಾಗಾನ್ ತಂಡವನ್ನು 3–0ಯಿಂದ ಮಣಿಸಿತು. ಒಂಬತ್ತನೇ ನಿಮಿಷಕ್ಕೆ ಎಡ್ಗರ್ ಮೆಂಡೆಸ್ ಗೋಲು, ಇಪ್ಪತ್ತನೇ ನಿಮಿಷಕ್ಕೆ ಸುರೇಶ್ ಸಿಂಗ್ ವಾಂಗ್ಜಮ್ ಗೋಲು, ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಪೆನಾಲ್ಟಿಯಲ್ಲಿ ಸುನಿಲ್ ಚೆಟ್ರಿ ಗೋಲು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾಗಿ ಆಗಿನ್ನೂ ಎರಡು ವಾರ. ಬೆಂಗಳೂರು ಆಡಿದ ಮೂರು ಪಂದ್ಯಗಳಲ್ಲೂ ಗೆದ್ದಿತ್ತು, ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ. ಬಾಗಾನ್ ಮೂರು ಪಂದ್ಯಗಳಿಂದ ನಾಲ್ಕೇ ಅಂಕ ಗಳಿಸಿತ್ತು. ಆ ರಾತ್ರಿಯ ಅಂಕಪಟ್ಟಿ ನೋಡಿದವರು ಈ ವರ್ಷದ ಕಪ್ ನಮ್ಮದೇ ಎಂದುಕೊಂಡಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಸೀಸನ್ ಮುಗಿಯುವ ಹೊತ್ತಿಗೆ ಲೆಕ್ಕ ಬೇರೆಯೇ ಆಗಿತ್ತು. ಬಾಗಾನ್ 24 ಪಂದ್ಯಗಳಿಂದ 56 ಅಂಕ ಗಳಿಸಿ, ಅಂಕಪಟ್ಟಿಯ ಅಗ್ರಸ್ಥಾನಕ್ಕೆ ಸಿಗುವ ಲೀಗ್ ಶೀಲ್ಡ್ ಎತ್ತಿತು. ಇಡೀ ಲೀಗ್‌ನಲ್ಲಿ ಅದು ಸೋತದ್ದು ಎರಡೇ ಪಂದ್ಯ, ಅದರಲ್ಲೊಂದು ಕಂಠೀರವದ್ದು. ಬೆಂಗಳೂರಿಗೆ ಸಿಕ್ಕಿದ್ದು 38 ಅಂಕ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್‌ಗೆ ಎದುರುಬದುರಾದದ್ದೂ ಇವೆರಡೇ ತಂಡ. ಬೆಂಗಳೂರು ಮುನ್ನಡೆ ಪಡೆದರೂ ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತಿತು. ಹಾಗಾದರೆ ಸೆಪ್ಟೆಂಬರ್‌ನ ಆ ಮೂರು ಗೋಲುಗಳಿಗೆ ಬೆಲೆಯೇ ಇರಲಿಲ್ಲವೇ? ಇತ್ತೆಂದಾದರೆ ಎಷ್ಟು?

ಈ ಪ್ರಶ್ನೆ ಹನೂರು ತಾಲ್ಲೂಕಿನ ನಮ್ಮ ಲೊಕ್ಕನಹಳ್ಳಿಗೆ ದೂರದ್ದು ಎಂದು ಯಾರಿಗಾದರೂ ಅನ್ನಿಸಬಹುದು. ಇಲ್ಲಿ ಕ್ರಿಕೆಟ್ಟಿನ ಮಾತೇ ಹೆಚ್ಚು, ನಿಜ. ಆದರೆ ಒಡೆಯರಪಾಳ್ಯದ ಕಡೆ 1970ರ ದಶಕದಲ್ಲಿ ನೆಲೆಯಾದ ಟಿಬೆಟನ್ ಕ್ಯಾಂಪು ನಮ್ಮ ನೆರೆಯಲ್ಲೇ ಇದೆ, ಫುಟ್‌ಬಾಲ್ ಆ ಜನರ ಮೆಚ್ಚಿನ ಆಟ. ಮೊಬೈಲ್ ಬಂದ ಮೇಲೆ ನಮ್ಮ ಹುಡುಗರೂ ಬೆಂಗಳೂರು ಎಫ್‌ಸಿ ಪಂದ್ಯ ನೋಡುತ್ತಾರೆ, ಅಮೆರಿಕದಲ್ಲಿ ಮೆಸ್ಸಿ ಆಡುವ ಪಂದ್ಯದ ತುಣುಕುಗಳನ್ನೂ ನೋಡುತ್ತಾರೆ. ಸೀಸನ್ ಶುರುವಾದ ತಿಂಗಳೊಳಗೆ ಇಬ್ಭಾಗವಾಗುತ್ತಾರೆ. ‘ಮೂರು ಮ್ಯಾಚ್ ನೋಡುದ್ರೆ ಗೊತ್ತಾಗ್ಬುಡ್ತದೆ ಕಣಣ್ಣ’ ಎನ್ನುವವರು ಒಂದು ಕಡೆ, ‘ಇನ್ನೂ ಶುರುನೇ ಆಗಿಲ್ಲ, ಸುಮ್ನಿರ್ಲಾ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿಗೂ ಆಧಾರವಿದೆ. ಅದನ್ನು ಒಂದೊಂದಾಗಿ ನೋಡಬೇಕು.

ಮೊದಲಿಗೆ ಆರಂಭವನ್ನು ನಂಬುವವರ ವಾದ. ಅವರ ಕೈಯಲ್ಲಿರುವ ದೊಡ್ಡ ಆಧಾರ ಸರಳವಾದದ್ದು: ಮೊದಲ ವಾರದ ಗೆಲುವಿಗೂ ಮೂರು ಅಂಕ, ಕೊನೆಯ ವಾರದ ಗೆಲುವಿಗೂ ಮೂರೇ ಅಂಕ. ಬೆಂಗಳೂರಿನ ಅದೇ 2024–25ರ ಲೆಕ್ಕವನ್ನು ಬಿಡಿಸಿ ನೋಡಿ. ಮೊದಲ ಆರು ಪಂದ್ಯಗಳಲ್ಲಿ ಐದು ಗೆಲುವು, ಒಂದು ಡ್ರಾ, ಅಂದರೆ 16 ಅಂಕ. ಉಳಿದ 18 ಪಂದ್ಯಗಳಿಂದ ಬಂದದ್ದು 22. ಜನವರಿಯಲ್ಲಿ ತಂಡ ಎಷ್ಟು ಕುಸಿಯಿತೆಂದರೆ, ಕೊನೆಗೆ ಪಟ್ಟಿಯ ತಳದಲ್ಲಿ ಉಳಿದ ಮೊಹಮ್ಮಡನ್ ತಂಡಕ್ಕೂ ಕಂಠೀರವದಲ್ಲೇ ಸೋತಿತು. ಆರು ತಂಡಗಳಿಗೆ ಪ್ಲೇಆಫ್ ಅವಕಾಶವಿತ್ತು. ಆರನೇ ಸ್ಥಾನದ ಮುಂಬೈಗೆ 36 ಅಂಕ, ಹೊರಗುಳಿದ ಒಡಿಶಾಗೆ 33. ಬೆಂಗಳೂರು, ನಾರ್ತ್‌ಈಸ್ಟ್, ಜಮ್‌ಶೆಡ್‌ಪುರ ಮೂರಕ್ಕೂ ತಲಾ 38. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಕೂಡಿಟ್ಟ ಅಂಕಗಳಲ್ಲಿ ಎರಡು ಗೆಲುವಿನಷ್ಟು ಕಳೆದರೂ ತಂಡ ಮನೆಗೆ ಹೋಗುತ್ತಿತ್ತು. ಆ ಅಂಕಗಳು ಕೈಯಲ್ಲಿ ಇದ್ದದ್ದರಿಂದ ಮೂರನೇ ಸ್ಥಾನ ಸಿಕ್ಕಿತು, ಪ್ಲೇಆಫ್‌ನ ಮೊದಲ ಪಂದ್ಯ ತವರಿನಲ್ಲಿ ಸಿಕ್ಕಿತು, ಮುಂಬೈ ವಿರುದ್ಧ 5–0 ಗೆಲುವೂ ಸಿಕ್ಕಿತು. ಫೈನಲ್‌ವರೆಗಿನ ದಾರಿಗೆ ಕಲ್ಲು ಹಾಸಿದ್ದು ಆ ಮೊದಲ ಆರು ವಾರಗಳೇ.

2018–19ರ ಸೀಸನ್ ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ. ಕಾರ್ಲೆಸ್ ಕ್ವಾದ್ರಾತ್ ಕೋಚ್ ಆಗಿದ್ದ ಆ ವರ್ಷ ಬೆಂಗಳೂರು ಮೊದಲ ಹನ್ನೊಂದು ಪಂದ್ಯಗಳಲ್ಲಿ ಸೋಲೇ ಕಾಣಲಿಲ್ಲ. 18 ಪಂದ್ಯಗಳ ಲೀಗ್‌ನಲ್ಲಿ ಕಂಡ ನಾಲ್ಕೂ ಸೋಲು ಕೊನೆಯ ಏಳು ಪಂದ್ಯಗಳಲ್ಲಿ ಬಂದವು. ಆದರೂ 34 ಅಂಕಗಳೊಂದಿಗೆ ಅಗ್ರಸ್ಥಾನ ಉಳಿಯಿತು. ಗೋವಾಕ್ಕೂ 34 ಅಂಕವೇ. ಪರಸ್ಪರ ಆಡಿದ ಎರಡೂ ಪಂದ್ಯಗಳಲ್ಲಿ ಬೆಂಗಳೂರು ಗೆದ್ದಿದ್ದರಿಂದ ಮೇಲುಗೈ ಸಿಕ್ಕಿತು, ಅದರಲ್ಲಿ ಒಂದು ಗೆಲುವು ನವೆಂಬರ್‌ನದು. 2019ರ ಮಾರ್ಚ್ 17ರಂದು ಮುಂಬೈನ ಫೈನಲ್‌ನಲ್ಲಿ ಅದೇ ಗೋವಾ ವಿರುದ್ಧ ಹೆಚ್ಚುವರಿ ಅವಧಿಯ ಕೊನೆಯಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ ತಂದಿತು. ಫಾರ್ಮ್ ಕೈಕೊಟ್ಟ ತಿಂಗಳುಗಳಲ್ಲಿ ತಂಡ ಉಂಡದ್ದು ಮೊದಲು ಕೂಡಿಟ್ಟ ಗಂಟನ್ನು.

ಪ್ಲೇಆಫ್ ಇಲ್ಲದ ಲೀಗ್‌ಗಳಲ್ಲಂತೂ ಈ ವಾದಕ್ಕೆ ಎದುರೇ ಇಲ್ಲ. 2015ರ ಮೇ 31ರಂದು ಐ-ಲೀಗ್‌ನ ಕೊನೆಯ ದಿನ ಕಂಠೀರವದಲ್ಲಿ ಬಾಗಾನ್ ವಿರುದ್ಧ ಬೆಂಗಳೂರು 1–0 ಮುಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಬೆಲ್ಲೊ ರಜಾಕ್ ಸಮ ಮಾಡಿದರು. ಬಾಗಾನ್‌ಗೆ 39, ಬೆಂಗಳೂರಿಗೆ 37, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಜನ ಇಂದಿಗೂ ನೆನೆಯುವುದು ಆ ಕೊನೆಯ ಗೋಲನ್ನು. ಆದರೆ ಅದಕ್ಕೆ ಮೊದಲಿನ 19 ಪಂದ್ಯಗಳಲ್ಲಿ ಎಲ್ಲಾದರೂ ಇನ್ನೂ ಮೂರು ಅಂಕ ಸಿಕ್ಕಿದ್ದರೆ ಆ ಗೋಲು ಅಷ್ಟು ನೋಯಿಸುತ್ತಿರಲಿಲ್ಲ.

ಈಗ ಇನ್ನೊಂದು ಪಕ್ಷದ ಮಾತು. ಫುಟ್‌ಬಾಲ್ ಕಡಿಮೆ ಗೋಲುಗಳ ಆಟ. ಒಂದು ಪಂದ್ಯಕ್ಕೆ ಎರಡೋ ಮೂರೋ ಗೋಲು. ಹಾಗಾಗಿ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಗುವುದೋ ಒಳಗೆ ಬೀಳುವುದೋ ಎಂಬುದರ ಮೇಲೆ ಇಡೀ ಫಲಿತಾಂಶ ನಿಲ್ಲುತ್ತದೆ. ಕಬಡ್ಡಿಯಲ್ಲಿ ಮೂವತ್ತು ನಲವತ್ತು ಪಾಯಿಂಟ್ ಬರುವುದರಿಂದ ಅದೃಷ್ಟ ಅಲ್ಲಲ್ಲೇ ಸರಿಹೋಗುತ್ತದೆ. ಫುಟ್‌ಬಾಲ್‌ನಲ್ಲಿ ಅದು ಸರಿಹೋಗಲು ಹತ್ತು ಹದಿನೈದು ಪಂದ್ಯ ಬೇಕು. ಮೇಲಾಗಿ ಮೊದಲ ತಿಂಗಳ ಎದುರಾಳಿಗಳು ಎಲ್ಲರಿಗೂ ಒಂದೇ ಅಲ್ಲ. ಒಂದು ತಂಡಕ್ಕೆ ತವರಿನ ಪಂದ್ಯಗಳೇ ಮೊದಲು ಬರುತ್ತವೆ, ಇನ್ನೊಂದಕ್ಕೆ ಬಲಿಷ್ಠರೇ ಮೊದಲು ಎದುರಾಗುತ್ತಾರೆ.

ಈ ಪಕ್ಷದ ಎದ್ದು ಕಾಣುವ ಸಾಕ್ಷಿ 2022–23. ಸೈಮನ್ ಗ್ರೇಸನ್ ಕೋಚ್. ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಗೆದ್ದ ಬೆಂಗಳೂರು ಲೀಗ್‌ಗೆ ಬಂದ ಮೇಲೆ 12 ಪಂದ್ಯಗಳಲ್ಲಿ ಎಂಟನ್ನು ಸೋತಿತು. ಕೈಯಲ್ಲಿದ್ದದ್ದು 10 ಅಂಕ. ಅಲ್ಲಿಗೆ ಕಥೆ ಮುಗಿಯಿತು ಎಂದವರೇ ಹೆಚ್ಚು. ಅಲ್ಲಿಂದ ಮುಂದೆ ಆಡಿದ ಎಂಟಕ್ಕೆ ಎಂಟೂ ಪಂದ್ಯ ಗೆದ್ದು, 34 ಅಂಕಗಳೊಂದಿಗೆ ನಾಲ್ಕನೇ ಸ್ಥಾನಕ್ಕೇರಿತು. ನಾಕೌಟ್‌ನಲ್ಲಿ ಚೆಟ್ರಿ ಥಟ್ಟನೆ ಹೊಡೆದ ಫ್ರೀಕಿಕ್‌ನಿಂದ ಕೇರಳ ಬ್ಲಾಸ್ಟರ್ಸ್ ಹೊರಬಿತ್ತು. ಲೀಗ್ ಶೀಲ್ಡ್ ಗೆದ್ದಿದ್ದ ಮುಂಬೈ ಸೆಮಿಫೈನಲ್‌ನ ಶೂಟೌಟ್‌ನಲ್ಲಿ ಸೋತಿತು. ಫೈನಲ್‌ನಲ್ಲಿ 2–2 ಆಗಿ, ಶೂಟೌಟ್‌ನಲ್ಲಿ 3–4ರಿಂದ ಬೆಂಗಳೂರು ಕಪ್ ಕಳೆದುಕೊಂಡಿತು. ಡಿಸೆಂಬರ್‌ನಲ್ಲಿ ತಂಡವನ್ನು ಅಳೆದವರಿಗೆ ಮಾರ್ಚ್‌ನ ತಂಡದ ಗುರುತೇ ಸಿಗುತ್ತಿರಲಿಲ್ಲ.

ತಿರುಗುಮುರುಗಾದದ್ದೂ ಉಂಟು. 2020–21ರಲ್ಲಿ ಗೋವಾದಲ್ಲೇ ಇಡೀ ಲೀಗ್ ನಡೆದಾಗ ಬೆಂಗಳೂರು ಮೊದಲ ಆರು ಪಂದ್ಯಗಳಲ್ಲಿ ಸೋಲಲಿಲ್ಲ. ನಂತರ ಸತತ ಮೂರು ಸೋಲು, ಜನವರಿಯಲ್ಲಿ ಕ್ವಾದ್ರಾತ್ ನಿರ್ಗಮನ, ಕೊನೆಗೆ ಏಳನೇ ಸ್ಥಾನ. ಕ್ರಿಕೆಟ್ ನೋಡುವವರಿಗೆ 2024ರ ಆರ್‌ಸಿಬಿ ನೆನಪಿರಬಹುದು: ಮೊದಲ ಎಂಟರಲ್ಲಿ ಏಳು ಸೋಲು, ಆಮೇಲೆ ಸತತ ಆರು ಗೆಲುವು, ಪ್ಲೇಆಫ್ ಪ್ರವೇಶ.

ಅಮೆರಿಕದ ಮೇಜರ್ ಲೀಗ್ ಸಾಕರ್ ಈ ಪಕ್ಷಕ್ಕೆ ಇನ್ನಷ್ಟು ಬಲ ಕೊಡುತ್ತದೆ, ಏಕೆಂದರೆ ಅದರ ರಚನೆಯೇ ತಡವಾಗಿ ಎದ್ದವರಿಗೆ ಅನುಕೂಲಕರ. ಅಲ್ಲಿ ಒಂದೊಂದು ತಂಡಕ್ಕೆ 34 ಪಂದ್ಯ, 2025ರಲ್ಲಿ 30 ತಂಡಗಳ ಪೈಕಿ 18ಕ್ಕೆ ಪ್ಲೇಆಫ್ ಅವಕಾಶವಿತ್ತು. 2009ರಲ್ಲಿ ರಿಯಲ್ ಸಾಲ್ಟ್ ಲೇಕ್ ಲೀಗ್ ಹಂತದಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು: 11 ಗೆಲುವು, 12 ಸೋಲು. ಆ ವರ್ಷದ ಕಪ್ ಅದರದೇ. ಇಂಥ ವ್ಯವಸ್ಥೆಯಲ್ಲಿ ಮಾರ್ಚ್‌ನ ಸೋಲಿಗೆ ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಆದರೆ ಅದೇ ಅಮೆರಿಕದಿಂದ ಎದುರು ಪಕ್ಷಕ್ಕೂ ಉತ್ತರ ಸಿಗುತ್ತದೆ. 2024ರ ಚಾಂಪಿಯನ್ ಎಲ್‌ಎ ಗ್ಯಾಲಕ್ಸಿ 2025ರ ಮೊದಲ 16 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಮೊದಲ ಗೆಲುವು ಬಂದದ್ದು ಮೇ ತಿಂಗಳ ಕೊನೆಯ ದಿನ. ಅಷ್ಟೊಂದು ಪಂದ್ಯ ಉಳಿದಿದ್ದರೂ, ಅಷ್ಟೊಂದು ತಂಡಗಳಿಗೆ ಬಾಗಿಲು ತೆರೆದಿದ್ದರೂ ಪ್ಲೇಆಫ್ ಮುಟ್ಟಲಾಗಲಿಲ್ಲ. ಏಕೆ? ತಂಡದ ಆಟವನ್ನೆಲ್ಲ ಹೆಣೆಯುತ್ತಿದ್ದ ರಿಕಿ ಪುಯ್ಗ್ ಹಿಂದಿನ ವರ್ಷದ ಕೊನೆಯಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡಿದ್ದರು. ಆಟಗಾರರ ಸಂಬಳಕ್ಕೆ ಲೀಗ್ ಹಾಕಿರುವ ಮಿತಿಯಿಂದಾಗಿ ಡೆಯಾನ್ ಯೊವೆಲಿಚ್ ಅವರಂಥ ಗೋಲು ಹೊಡೆಯುವವರನ್ನು ಬೇರೆ ತಂಡಗಳಿಗೆ ಬಿಟ್ಟುಕೊಡಬೇಕಾಗಿತ್ತು. ಕಪ್ ಎತ್ತಿದ ತಂಡದ ಹೆಸರು ಉಳಿದಿತ್ತು, ಕಪ್ ಎತ್ತಿದ ಕಾಲುಗಳು ಉಳಿದಿರಲಿಲ್ಲ. ಮೊದಲ ಮೂರು ಸೋಲು ಹೇಳಿದ್ದು ಪೂರ್ತಿ ನಿಜವನ್ನೇ.

ನನ್ನ ಮಟ್ಟಿಗೆ ತೀರ್ಮಾನದ ಕೀಲಿ ಇರುವುದು ಇಲ್ಲಿ. ಗ್ಯಾಲಕ್ಸಿಯ ಕೆಟ್ಟ ಆರಂಭ ಉಳಿಯಿತು, 2022ರ ಬೆಂಗಳೂರಿನ ಕೆಟ್ಟ ಆರಂಭ ಅಳಿಯಿತು. ಅಂಕಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕಾರಣಗಳು ಬೇರೆ. ಬೆಂಗಳೂರಿನ ಆ ಸೋಲುಗಳಲ್ಲಿ ಹೆಚ್ಚಿನವು ಒಂದೇ ಗೋಲಿನ ಅಂತರದವು. ಆರಂಭದಲ್ಲಿ ಹೈದರಾಬಾದ್, ಒಡಿಶಾ, ಈಸ್ಟ್ ಬೆಂಗಾಲ್ ಎದುರು ಸೋತದ್ದೆಲ್ಲ 0–1ರಿಂದ. ಚೆಟ್ರಿ, ರಾಯ್ ಕೃಷ್ಣ, ಹಾವಿ ಹೆರ್ನಾಂಡಿಸ್, ಸಂದೇಶ್ ಜಿಂಗನ್, ಗುರುಪ್ರೀತ್ ಸಿಂಗ್ ಸಂಧು ಎಲ್ಲರೂ ತಂಡದಲ್ಲೇ ಇದ್ದರು. ಬೇಕಾಗಿದ್ದದ್ದು ಮುಂದೆ ನುಗ್ಗುವ ಹೊಸ ಕಾಲು. ಯುವ ಆಟಗಾರ ಶಿವಶಕ್ತಿ ನಾರಾಯಣನ್‌ಗೆ ಜಾಗ ಸಿಕ್ಕಿದ ಮೇಲೆ ಗೋಲುಗಳು ಬರತೊಡಗಿದವು, ಚೆಟ್ರಿಯಂಥ ನಾಯಕನೇ ಬದಲಿ ಆಟಗಾರನಾಗಿ ಇಳಿಯಲು ಒಪ್ಪಿದರು. ಮನೆಯ ತೊಲೆ ಗಟ್ಟಿಯಾಗಿದ್ದರಿಂದ ರಿಪೇರಿ ಸಾಧ್ಯವಾಯಿತು.

ಒಳ್ಳೆಯ ಆರಂಭವನ್ನೂ ಹೀಗೇ ಬಿಡಿಸಿ ನೋಡಬಹುದು. 2024ರ ಬೆಂಗಳೂರು ಮೊದಲ ತಿಂಗಳಲ್ಲಿ ಎರಡು ಭರವಸೆ ಕೊಟ್ಟಿತ್ತು. ಒಂದು, ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲು ಬಿಡದ ರಕ್ಷಣೆ. ಇನ್ನೊಂದು, ನಲವತ್ತು ದಾಟಿದ ಚೆಟ್ರಿಯ ಗೋಲುಗಳು. ಜನ ನಂಬಿದ್ದು ಮೊದಲನೆಯದನ್ನು, ಅನುಮಾನಿಸಿದ್ದು ಎರಡನೆಯದನ್ನು. ನಡೆದದ್ದು ತದ್ವಿರುದ್ಧ. ನವೆಂಬರ್ 2ರಂದು ಗೋವಾ ಮೂರು ಗೋಲು ಹೊಡೆದು ಆ ರಕ್ಷಣೆಯನ್ನು ಸೀಳಿತು. ಮುಂದೆ ಆ ಬಿಗಿ ಮತ್ತೆ ಅಷ್ಟು ದಿನ ನಿಲ್ಲಲಿಲ್ಲ. ಚೆಟ್ರಿ ಮಾತ್ರ ಆ ಆವೃತ್ತಿಯಲ್ಲಿ 14 ಗೋಲು ಹೊಡೆದು ಭಾರತೀಯರ ಪೈಕಿ ಮೊದಲಿಗರಾದರು. ಗೋಲು ಬಿಡದಿರುವುದಕ್ಕೆ ಹನ್ನೊಂದು ಜನರ ಎಚ್ಚರವೂ ಬೇಕು, ಎದುರಾಳಿ ಗುರಿ ತಪ್ಪುವ ಅದೃಷ್ಟವೂ ಬೇಕು. ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬರುವ ಚೆಟ್ರಿಯ ಗುಣ ಎರಡು ದಶಕಗಳ ಅಭ್ಯಾಸ, ಒಂದು ತಿಂಗಳದ್ದಲ್ಲ. ಆರಂಭದಲ್ಲಿ ಕಂಡದ್ದರಲ್ಲಿ ಯಾವುದಕ್ಕೆ ಹಿಂದಿನ ಬೇರಿದೆ ಎಂದು ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈಗ ಆಟದ ಪಂಡಿತರು ಅಂಕಗಳ ಜೊತೆಗೆ ಅವಕಾಶಗಳ ಗುಣಮಟ್ಟವನ್ನೂ ಅಳೆಯುತ್ತಾರೆ. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರು ಗೋಲಾಗುತ್ತವೆ, ದೂರದಿಂದ ಹೊಡೆದವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಹೀಗೆ ಪ್ರತಿ ಹೊಡೆತಕ್ಕೂ ಬೆಲೆ ಕಟ್ಟಿ ಕೂಡಿದರೆ, ತಂಡ ಗೆದ್ದದ್ದು ಆಟದಿಂದಲೋ ಅದೃಷ್ಟದಿಂದಲೋ ಎಂಬುದರ ಅಂದಾಜು ಸಿಗುತ್ತದೆ. ಈ ಲೆಕ್ಕ ಎಲ್ಲರಿಗೂ ಎಟುಕಬೇಕೆಂದಿಲ್ಲ. ಗೆದ್ದ ತಂಡ ಎಷ್ಟು ಸಲ ಎದುರಾಳಿಯ ಗೋಲಿನ ಹತ್ತಿರ ಹೋಯಿತು, ಗೋಲ್‌ಕೀಪರ್ ಎಷ್ಟು ಸಲ ಕಾಪಾಡಬೇಕಾಯಿತು ಎಂಬುದನ್ನು ಕಣ್ಣಲ್ಲೇ ಎಣಿಸಿಕೊಂಡರೂ ಸಾಕು.

ನಮ್ಮ ಕಡೆಯ ಒಣಬೇಸಾಯದವರಿಗೆ ಈ ವಿವೇಕ ಹೊಸದಲ್ಲ. ಭರಣಿ ಮಳೆ ಚೆನ್ನಾಗಿ ಬಿದ್ದರೆ ನೇಗಿಲು ಕಟ್ಟುತ್ತಾರೆ, ಅದನ್ನು ಕಡೆಗಣಿಸಿದವನ ಹೊಲ ಹಿಂದುಳಿಯುತ್ತದೆ. ಆದರೆ ಅದನ್ನೇ ನಂಬಿ ಯಾರೂ ರಾಗಿಯ ಮೂಟೆ ಎಣಿಸುವುದಿಲ್ಲ. ಹನೂರು ಸೀಮೆಯಲ್ಲಿ ಪೈರಿನ ಗತಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಕೈಯಲ್ಲೂ ಇರುತ್ತದೆ. ಮೊದಲ ಮಳೆ ಕೆಲಸಕ್ಕೆ ಇಳಿಸಬೇಕು, ತೀರ್ಪಿಗೆ ಕೂರಿಸಬಾರದು.

ತೀರ್ಪು ಎಂದ ಕೂಡಲೇ ನೆನಪಾಗುವುದು ಕೋಚ್‌ಗಳ ತಲೆದಂಡ. ಆರಂಭ ಕೆಟ್ಟರೆ ಮೊದಲು ಹೋಗುವವರು ಅವರೇ. ಇದರಲ್ಲೂ ಎರಡು ಕಡೆ ಇದೆ. ಅಮೆರಿಕದ ಸಿಯಾಟಲ್ ಸೌಂಡರ್ಸ್ 2016ರಲ್ಲಿ 20 ಪಂದ್ಯಗಳಲ್ಲಿ 12 ಸೋತಾಗ, ಜುಲೈನಲ್ಲಿ ಸಿಗಿ ಶ್ಮಿಡ್ ಜಾಗಕ್ಕೆ ಬ್ರಯಾನ್ ಶ್ಮೆಟ್ಜರ್ ಬಂದರು. ಡಿಸೆಂಬರ್‌ನಲ್ಲಿ ತಂಡ ಕಪ್ ಗೆದ್ದಿತು. ಆದರೆ ಅದೇ ದಿನಗಳಲ್ಲಿ ನಿಕೊಲಾಸ್ ಲೊಡೈರೊ ಎಂಬ ಅಪ್ಪಟ ಮಿಡ್‌ಫೀಲ್ಡರ್ ಕೂಡ ತಂಡ ಸೇರಿದ್ದರು. ಗೆಲ್ಲಿಸಿದ್ದು ಹೊಸ ಕೋಚೋ ಹೊಸ ಆಟಗಾರನೋ ಎಂದು ಬೇರ್ಪಡಿಸಿ ಹೇಳಲಾಗದು. ಬೆಂಗಳೂರಿನಲ್ಲಿ 2022ರಲ್ಲಿ ಗ್ರೇಸನ್‌ರನ್ನು ಉಳಿಸಿಕೊಂಡಾಗ ಫೈನಲ್ ಸಿಕ್ಕಿತು. 2023ರ ಡಿಸೆಂಬರ್‌ನಲ್ಲಿ, ಮತ್ತೊಂದು ಕೆಟ್ಟ ಆರಂಭದ ಬಳಿಕ, ಕ್ಲಬ್ ಅವರನ್ನು ಬಿಟ್ಟು ಜೆರಾರ್ಡ್ ಸಾರಗೋಸಾರನ್ನು ತಂದಿತು. ಆ ವರ್ಷ ಏನೂ ಬದಲಾಗಲಿಲ್ಲ, 12 ತಂಡಗಳಲ್ಲಿ ಹತ್ತನೇ ಸ್ಥಾನವೇ ಗಟ್ಟಿಯಾಯಿತು. ಮುಂದಿನ ವರ್ಷ ಅದೇ ಸಾರಗೋಸಾರ ತಂಡ ಫೈನಲ್ ತಲುಪಿತು. ಅಂದರೆ ಬದಲಾವಣೆ ಫಲ ಕೊಟ್ಟರೂ ಅದಕ್ಕೆ ಒಂದು ವರ್ಷ ಬೇಕಾಯಿತು. ಸೀಸನ್ ನಡುವಿನ ಬದಲಾವಣೆಯಿಂದ ಆ ಸೀಸನ್ನೇ ಉದ್ಧಾರವಾಗುತ್ತದೆ ಎಂಬ ನಂಬಿಕೆಗೆ ಬೆಂಗಳೂರಿನ ಅನುಭವ ಬೆಂಬಲ ಕೊಡುವುದಿಲ್ಲ.

ಇನ್ನೊಂದು ಮಾತನ್ನು ಮರೆಯುವಂತಿಲ್ಲ: ಟೂರ್ನಿ ಎಷ್ಟು ಉದ್ದ ಎಂಬುದು. ಟಿಬೆಟನ್ ವಸತಿಗಳ ತಂಡಗಳು ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ ಆಡುವ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್‌ನಂಥ ಪಂದ್ಯಾವಳಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅಂಥಲ್ಲಿ ಎರಡು ಪಂದ್ಯ ಜಾರಿದರೆ ಸರಿಪಡಿಸಲು ನಾಳೆಯೇ ಇರುವುದಿಲ್ಲ. ದೊಡ್ಡ ಲೀಗ್‌ಗಳೂ ಕೆಲವೊಮ್ಮೆ ಹಾಗಾಗುತ್ತವೆ. ವಾಣಿಜ್ಯ ಹಕ್ಕುಗಳ ಒಪ್ಪಂದ ಮುಗಿದು ಐಎಸ್‌ಎಲ್ ಅತಂತ್ರವಾಗಿ, ತಿಂಗಳುಗಟ್ಟಲೆ ತಡವಾಗಿ, 2026ರ ಫೆಬ್ರವರಿ 14ರಿಂದ 14 ತಂಡ, 91 ಪಂದ್ಯಗಳ ಮೊಟಕು ಲೀಗ್ ಎಂದು ಘೋಷಣೆಯಾಯಿತು. ತಂಡಕ್ಕೆ 13 ಪಂದ್ಯ. 24 ಪಂದ್ಯಗಳಲ್ಲಿ ಮೊದಲ ಮೂರು ಎಂಟನೇ ಒಂದು ಪಾಲು, 13ರಲ್ಲಿ ಹೆಚ್ಚುಕಡಿಮೆ ಕಾಲು ಪಾಲು. ಗ್ರೇಸನ್‌ರ ತಂಡಕ್ಕೆ ಸಿಕ್ಕಿದ ಹನ್ನೆರಡು ಪಂದ್ಯಗಳ ಕಲಿಕೆಯ ಕಾಲ ಅಂಥ ಲೀಗ್‌ನಲ್ಲಿ ಯಾರಿಗೂ ಸಿಗದು. ಅಲ್ಲಿ ಆರಂಭವನ್ನು ನಂಬುವವರ ಮಾತಿಗೇ ತೂಕ ಹೆಚ್ಚು.

ಹೀಗೆ ಎರಡೂ ತಟ್ಟೆಗಳನ್ನು ತುಂಬಿ ನೋಡಿದರೆ ನನಗೆ ಅನ್ನಿಸುವುದಿಷ್ಟು. ಅಂಕದ ಮಟ್ಟಿಗೆ ಆರಂಭವನ್ನು ನಂಬುವವರೇ ಸರಿ: ಗಳಿಸಿದ್ದು ಗಳಿಕೆ, ಕಳೆದದ್ದು ನಷ್ಟ, ಲೀಗ್ ಗಿಡ್ಡವಾದಷ್ಟೂ ಆ ನಷ್ಟ ದೊಡ್ಡದು. ಮುಂದೇನಾಗುತ್ತದೆ ಎಂಬ ಮಟ್ಟಿಗೆ ಕಾಯಲು ಹೇಳುವವರೇ ಸರಿ: ಮೂರು ನಾಲ್ಕು ಪಂದ್ಯಗಳ ಫಾರ್ಮ್ ಏಪ್ರಿಲ್‌ವರೆಗೆ ಉಳಿಯುವುದೆಂದು ಯಾರೂ ಹೇಳಲಾರರು. ಇಬ್ಬರೂ ಎಡವುವುದು ಒಬ್ಬರ ಮಾತನ್ನು ಇನ್ನೊಬ್ಬರ ಜಾಗದಲ್ಲಿ ಬಳಸಿದಾಗ. ಪಟ್ಟಿಯ ಮೇಲಿರುವ ತಂಡ ‘ನಾವೇ ಗೆಲ್ಲುತ್ತೇವೆ’ ಎಂದು ಮೈಮರೆತರೆ ಮೊದಲನೆಯ ತಪ್ಪು, ಕೆಳಗಿರುವ ತಂಡ ‘ಇನ್ನೂ ಟೈಮಿದೆ’ ಎಂದು ಕೈಕಟ್ಟಿ ಕೂತರೆ ಎರಡನೆಯದು.

ಆದ್ದರಿಂದ ಮುಂದಿನ ಸೀಸನ್ ಶುರುವಾದಾಗ ನಮ್ಮ ಹುಡುಗರು ಅಂಕಪಟ್ಟಿ ನೋಡಿ ಜಗಳಕ್ಕೆ ನಿಲ್ಲುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಯಾರ ವಿರುದ್ಧ, ಎಲ್ಲಿ ಆಡಿದ್ದು? ಸೋಲಿಗೆ ಕಾರಣ ಗಾಯಾಳುಗಳೇ, ಬಿಟ್ಟುಹೋದ ಆಟಗಾರರೇ, ಗುರಿ ತಪ್ಪಿದ ಎರಡು ಹೊಡೆತಗಳೇ? ಇನ್ನು ಎಷ್ಟು ಪಂದ್ಯ ಉಳಿದಿವೆ? ಈ ಮೂರಕ್ಕೂ ಉತ್ತರ ಹುಡುಕಿದವರಿಗೆ ಆಟ ಇನ್ನಷ್ಟು ಆಳವಾಗಿ ಕಾಣುತ್ತದೆ, ತಮ್ಮ ತಂಡದ ಮೇಲೆ ಅವರು ಇಡುವ ನಂಬಿಕೆಯೂ ಒಂದು ರಾತ್ರಿಯ 3–0ಗೆ ಉಬ್ಬದೆ, ಒಂದು ವಾರದ ಸೋಲಿಗೆ ಕುಗ್ಗದೆ ನಿಲ್ಲುತ್ತದೆ.